ಹೋಟೆಲ್, ಲಾಡ್ಜ್, ಸರಾಯಿ, ಛತ್ರ: ಬಾಗಿಲು ತೆರೆದದ್ದು ಯಾರಿಗೆ?

ಊರಿನಿಂದ ಹೊಸದಾಗಿ ಗುಜರಾತಿಗೆ ಬಂದ ಕನ್ನಡದವರು ಎಡವಿ ಬೀಳುವ ಪದಗಳು ಎರಡಿವೆ. ಎರಡೂ ಇಂಗ್ಲಿಷಿನವು. ನಮಗೆ ಹೋಟೆಲ್ ಅಂದರೆ ಇಡ್ಲಿ, ದೋಸೆ, ಕಾಫಿ. ರಾತ್ರಿ ಉಳಿಯಬೇಕಾದರೆ ಹುಡುಕುವುದು ಲಾಡ್ಜ್. ಇಲ್ಲಿನ ಹಳಬರ ಬಾಯಲ್ಲಿ ‘ಲೋಜ್’ ಎಂದರೆ ಊಟದ ಮನೆ. ರೋಟಲಿ, ದಾಳ್, ಭಾತ್, ಶಾಕ್ ಬಡಿಸುವ ಜಾಗ. ‘ಲೋಜ್‌ಮಾಂ ಜಮೀಏ ಛೀಏ’ ಎಂದರೆ ಅವರು ಅಲ್ಲಿ ಊಟ ಮಾಡುತ್ತಾರೆ, ಮಲಗುವುದಿಲ್ಲ. ಒಂದೇ ಭಾಷೆಯಿಂದ ತಂದ ಪದಗಳನ್ನು ಕನ್ನಡ ಒಂದು ರೀತಿ ಬಳಸಿಕೊಂಡಿತು, ಗುಜರಾತಿ ಇನ್ನೊಂದು ರೀತಿ. ಇಂಗ್ಲಿಷಿನಲ್ಲಾದರೋ ಎರಡೂ ತಂಗುವ ಜಾಗಗಳೇ.

ಕೆಲವು ದಿನ ಮಾತ್ರ ಉಳಿಯುವ ಜಾಗಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಹೆಸರು! ಇನ್, ಹೋಟೆಲ್, ಹಾಸ್ಟೆಲ್, ಲಾಡ್ಜ್, ಮೋಟೆಲ್, ಗೆಸ್ಟ್ ಹೌಸ್, ಬಂಗಲೆ. ನಮ್ಮಲ್ಲೂ ಕಡಿಮೆಯೇನಿಲ್ಲ: ಛತ್ರ, ಬಿಡಾರ, ಬಿಡದಿ, ತಂಗುದಾಣ, ಧರ್ಮಶಾಲೆ, ಮುಸಾಫಿರ್‌ಖಾನೆ, ಪ್ರವಾಸಿ ಮಂದಿರ. ನಿಘಂಟಿನಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಅರ್ಥದ ಪದಗಳಂತೆ ಕಾಣುತ್ತವೆ. ಚರಿತ್ರೆಯಲ್ಲಿ ಹಾಗಲ್ಲ. ಪ್ರತಿಯೊಂದು ಪದ ಹುಟ್ಟಿದಾಗಲೂ ಅದರ ಹಿಂದೆ ಒಬ್ಬ ಪ್ರಯಾಣಿಕನಿದ್ದ: ಯಾತ್ರಿಕ, ವ್ಯಾಪಾರಿ, ಸಾಹೇಬ, ವಿದ್ಯಾರ್ಥಿ. ‘ಒಬ್ಬ’ ಎಂದು ಬೇಕೆಂದೇ ಬರೆದಿದ್ದೇನೆ. ಒಬ್ಬಳು ಬಂದು ನಿಂತಿದ್ದರೆ ಈ ಬಾಗಿಲುಗಳಲ್ಲಿ ಎಷ್ಟು ತೆರೆಯುತ್ತಿದ್ದವು? ನಾವಿರುವ ಸೂರತ್ ಈ ಪ್ರಶ್ನೆ ಕೇಳಲು ತಕ್ಕ ಊರು.

ಪದಗಳ ಮನೆತನ

ಲ್ಯಾಟಿನಿನಲ್ಲಿ ‘ಹೋಸ್ಪೆಸ್’ ಎಂಬ ಪದವಿದೆ. ಅದಕ್ಕೆ ಅತಿಥಿ ಎಂಬ ಅರ್ಥವೂ ಉಂಟು, ಅತಿಥಿಯನ್ನು ಬರಮಾಡಿಕೊಳ್ಳುವವನು ಎಂಬ ಅರ್ಥವೂ ಉಂಟು. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಈ ಒಂದೇ ಬೇರಿನ ಚಿಗುರುಗಳು. ಯುರೋಪಿನ ಮಧ್ಯಯುಗದಲ್ಲಿ ಯಾತ್ರಿಕನಿಗೆ, ರೋಗಿಗೆ, ಬಡವನಿಗೆ ಆಸರೆ ಕೊಡುವ ಮನೆ ಒಂದೇ ಆಗಿತ್ತು. ಆಮೇಲೆ ರೋಗಿಗೆ ಆಸ್ಪತ್ರೆ, ವಿದ್ಯಾರ್ಥಿಗೆ ಹಾಸ್ಟೆಲ್, ದುಡ್ಡಿದ್ದವನಿಗೆ ಹೋಟೆಲ್ ಎಂದು ಮನೆ ಪಾಲಾಯಿತು. ‘ಇನ್’ ಇಂಗ್ಲಿಷಿನದೇ ಹಳೆಯ ಪದ, ‘ಒಳಗೆ’ ಎಂಬುದರ ನಂಟಿನದು. ‘ಲಾಡ್ಜ್’ ಫ್ರೆಂಚಿನ ‘ಲೋಜ್’ನಿಂದ ಬಂದದ್ದು, ಗುಡಿಸಲು, ಚಪ್ಪರ ಎಂಬ ಅರ್ಥದ್ದು. ಎಲ್ಲಕ್ಕಿಂತ ಕಿರಿಯದು ‘ಮೋಟೆಲ್’. 1925ರಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಲೂಯಿಸ್ ಒಬಿಸ್ಪೊದಲ್ಲಿ ಕಾರಿನಲ್ಲಿ ಬರುವವರಿಗಾಗಿ ತೆರೆದ ತಂಗುಮನೆಗೆ ಮೋಟರ್ ಮತ್ತು ಹೋಟೆಲ್ ಎರಡನ್ನೂ ಕೂಡಿಸಿ ಇಟ್ಟ ಹೆಸರು. ಇವತ್ತು ಅಮೆರಿಕದ ಮೋಟೆಲ್‌ಗಳಲ್ಲಿ ಬಹಳಷ್ಟನ್ನು ನಡೆಸುತ್ತಿರುವವರು ಗುಜರಾತಿನ ಪಟೇಲರು. ಸೂರತ್ ಸುತ್ತಲಿನ ಹಳ್ಳಿಗಳಲ್ಲಿ ಅಂಥ ನೆಂಟರಿರುವ ಮನೆಗಳು ಎಷ್ಟೋ.

ಕನ್ನಡದ ಪದಗಳು ಬೇರೆ ಕಡೆಯಿಂದ ಹೊರಡುತ್ತವೆ. ಹೊತ್ತು ತಂದದ್ದನ್ನು ಕೆಳಗೆ ‘ಬಿಡು’ವುದರ ಸುತ್ತ ಬೀಡು, ಬಿಡಾರ, ಬಿಡದಿ ಬೆಳೆದವು. ಮದುವೆಯಲ್ಲಿ ಗಂಡಿನ ಕಡೆಯವರಿಗೆ ಕೊಡುವ ಬಿಡದಿ ಮನೆ ನಮಗೆಲ್ಲ ಗೊತ್ತು. ‘ವಸತಿ’ಯಿಂದ ‘ಬಸದಿ’ ಬಂತು. ಜೈನ ಮುನಿಗಳು ತಂಗುವ ನೆಲೆ ಕೊನೆಗೆ ದೇವಾಲಯದ ಹೆಸರಾಯಿತು. ‘ಛತ್ರ’ದ ಹಿಂದೆ ಸಂಸ್ಕೃತದ ‘ಸತ್ರ’ವಿದೆ. ಮೊದಲು ಅದು ದೀರ್ಘಕಾಲದ ಯಜ್ಞ, ನಂತರ ಅನ್ನದಾನದ ಜಾಗ. ಕರ್ನಾಟಕದ ಶಾಸನಗಳಲ್ಲಿ ಸತ್ರಕ್ಕೂ, ದಾರಿಹೋಕರಿಗೆ ನೀರು ಕೊಡುವ ಅರವಂಟಿಗೆಗೂ ಬಿಟ್ಟ ದತ್ತಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ನಮ್ಮ ಹಿರಿಯರ ಲೆಕ್ಕದಲ್ಲಿ ತಂಗುದಾಣ ಮಾರುವ ವಸ್ತುವಾಗಿರಲಿಲ್ಲ, ಪುಣ್ಯದ ಕೆಲಸವಾಗಿತ್ತು.

ಹಡಗಿಗಾಗಿ ಕಾದ ಹೆಂಗಸರು

ಮೊಗಲರ ಕಾಲದಲ್ಲಿ ಸೂರತ್ ಮೆಕ್ಕಾ ಯಾತ್ರೆಯ ಬಾಗಿಲು. ಹಡಗು ಸಿಗುವವರೆಗೆ, ಗಾಳಿ ತಿರುಗುವವರೆಗೆ ಜನ ಇಲ್ಲೇ ಕಾಯಬೇಕಿತ್ತು. ಹಾಗೆ ಕಾದವರಲ್ಲಿ ಬಹಳ ಹೆಸರಾದವಳು ಗುಲ್ಬದನ್ ಬೇಗಂ. ಬಾಬರನ ಮಗಳು, ಅಕ್ಬರನ ಅತ್ತೆ, ‘ಹುಮಾಯೂನ್ ನಾಮಾ’ ಬರೆದವಳು. 1575ರಲ್ಲಿ ಅರಮನೆಯ ಹೆಂಗಸರ ತಂಡವೊಂದನ್ನು ಕಟ್ಟಿಕೊಂಡು ಫತೇಪುರ್ ಸಿಕ್ರಿಯಿಂದ ಹೊರಟಳು. ಆಗವಳಿಗೆ ಐವತ್ತು ದಾಟಿತ್ತು. ಸಮುದ್ರದಲ್ಲಿ ಪೋರ್ಚುಗೀಸರ ದರ್ಬಾರು. ಅವರ ಪರವಾನಗಿ ಪತ್ರವಿಲ್ಲದೆ ಹಡಗು ಕದಲುವಂತಿರಲಿಲ್ಲ. ಆ ಪತ್ರಕ್ಕಾಗಿ ಬಾದಶಹನ ಅತ್ತೆಯೂ ಸೂರತ್‌ನಲ್ಲಿ ತಿಂಗಳುಗಟ್ಟಲೆ ಕಾದಳು. 1576ರಲ್ಲಿ ಹಡಗು ಹೊರಟಿತು. ಅರೇಬಿಯಾದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದು ಹಿಂತಿರುಗುವಾಗ ಏಡನ್ ಬಳಿ ಹಡಗು ಒಡೆದು, ಅಲ್ಲಿ ಮತ್ತೆ ತಿಂಗಳುಗಟ್ಟಲೆ ತಂಗಬೇಕಾಯಿತು. ಮನೆ ಸೇರಿದ್ದು 1582ರಲ್ಲಿ. ಏಳು ವರ್ಷದ ಈ ಪ್ರಯಾಣ ಅವಳು ರಾಜಮನೆತನದವಳಾದ್ದರಿಂದ ಚರಿತ್ರೆಗೆ ಸೇರಿತು. ಅದೇ ದಡದಲ್ಲಿ ಗಂಟುಮೂಟೆ ಇಟ್ಟುಕೊಂಡು ಕಾದ ಸಾಮಾನ್ಯ ಹೆಂಗಸರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಅಂಥ ಯಾತ್ರಿಕರಿಗಾಗಿ ಊರಿನಲ್ಲಿ ದೊಡ್ಡದೊಂದು ಸರಾಯಿ ಎದ್ದಿತು. ಷಹಜಹಾನನ ಕಾಲದಲ್ಲಿ, 1644ರಲ್ಲಿ, ಹಕೀಕತ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ್ದು. ಮಧ್ಯೆ ಅಂಗಳ, ಸುತ್ತ ಕಮಾನಿನ ಕೋಣೆಗಳು. ಇಂಗ್ಲಿಷರ ಕಾಲದಲ್ಲಿ ಅದು ಸೆರೆಮನೆಯಾಯಿತು, 1867ರಲ್ಲಿ ಪುರಸಭೆಯ ಕಚೇರಿಯಾಯಿತು. ಹೌದು, ಮುಗಲೀಸರಾದಲ್ಲಿರುವ ನಮ್ಮ ಮಹಾನಗರಪಾಲಿಕೆಯ ಹಳೆಯ ಕಟ್ಟಡವೇ ಅದು. ಆ ಬಡಾವಣೆಯ ಹೆಸರಿನಲ್ಲಿ ಇವತ್ತಿಗೂ ‘ಮೊಗಲ್ ಸರಾಯಿ’ ಉಳಿದಿದೆ. ಮನೆಯ ವೇರೋ ಕಟ್ಟಲು, ಜನನಪತ್ರ ಮಾಡಿಸಲು ಅಲ್ಲಿ ಸಾಲಿನಲ್ಲಿ ನಿಂತವರು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದ ಹಳೆಯ ತಂಗುದಾಣದಲ್ಲಿ ನಿಂತಿದ್ದರು.

ಇದೇ ಕಾಲದಲ್ಲಿ ಸೂರತ್ ಬಂದರಿನ ಆದಾಯ ಸೇರುತ್ತಿದ್ದದ್ದು ಒಬ್ಬ ಹೆಂಗಸಿಗೆ: ಷಹಜಹಾನನ ಹಿರಿಯ ಮಗಳು ಜಹಾನಾರಾ ಬೇಗಂಗೆ. ಅವಳಿಗೆ ಸ್ವಂತ ಹಡಗೂ ಇತ್ತು, ಹೆಸರು ‘ಸಾಹಿಬಿ’. ದೆಹಲಿಯ ಚಾಂದನಿ ಚೌಕದಲ್ಲಿ ಜಹಾನಾರಾ ಕಟ್ಟಿಸಿದ ಸರಾಯಿಯನ್ನು ಫ್ರೆಂಚ್ ಪ್ರವಾಸಿ ಬರ್ನಿಯೆ ಬಹಳ ಮೆಚ್ಚಿಕೊಂಡ. ಪ್ಯಾರಿಸ್ಸಿನಲ್ಲೂ ಇಂಥವು ಇರಬಾರದೇ ಎಂದು ಬರೆದ. ರಾತ್ರಿ ಹೆಬ್ಬಾಗಿಲು ಮುಚ್ಚುತ್ತಿದ್ದರಿಂದ ಒಳಗಿದ್ದವರಿಗೆ ಭಯವಿರಲಿಲ್ಲ. ಆದರೆ ಒಳಗಿದ್ದವರು ಯಾರು? ಪರ್ಷಿಯಾದ, ಮಧ್ಯ ಏಷ್ಯಾದ ಹಣವಂತ ವರ್ತಕರು. 1857ರ ನಂತರ ಇಂಗ್ಲಿಷರು ಅದನ್ನು ಕೆಡವಿಸಿದರು, ಆ ಜಾಗದಲ್ಲಿ ಟೌನ್ ಹಾಲ್ ಬಂತು. ಸೂರತ್‌ನಲ್ಲಿ ಸರಾಯಿಯೇ ನಗರಾಡಳಿತದ ಮನೆಯಾಯಿತು. ದೆಹಲಿಯಲ್ಲಿ ಸರಾಯಿ ಹೋಗಿ ನಗರಾಡಳಿತದ ಮನೆ ಬಂತು. ಕಟ್ಟಿಸಿದವಳು ಹೆಂಗಸು, ತಂಗಿದವರು ಗಂಡಸರು ಎಂಬ ಮಾತು ಮುಂದೆಯೂ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಫ್ಯಾಕ್ಟರಿ ಎಂಬ ಮನೆ

ಸೂರತ್‌ನಲ್ಲಿ ಫ್ಯಾಕ್ಟರಿ ಎಂದರೆ ಈಗ ಸೀರೆ, ಮಗ್ಗ, ವಜ್ರ ನೆನಪಾಗುತ್ತವೆ. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಆ ಪದಕ್ಕೆ ಬೇರೆ ಅರ್ಥವಿತ್ತು. ‘ಫ್ಯಾಕ್ಟರ್’ ಎಂದರೆ ಕಂಪನಿಯ ಪ್ರತಿನಿಧಿ. ಅಂಥವರು ಒಟ್ಟಿಗೆ ವಾಸಿಸುತ್ತ, ಸರಕನ್ನೂ ಇಡುತ್ತಿದ್ದ ಮನೆಯೇ ಫ್ಯಾಕ್ಟರಿ. ನಮ್ಮವರು ಅದನ್ನು ಕೋಠಿ ಎಂದರು. 1608ರಲ್ಲಿ ವಿಲಿಯಂ ಹಾಕಿನ್ಸ್ ‘ಹೆಕ್ಟರ್’ ಹಡಗಿನಲ್ಲಿ ಸೂರತ್‌ಗೆ ಬಂದ. ಕೆಲವೇ ವರ್ಷಗಳಲ್ಲಿ ಕಂಪನಿಗೆ ಇಲ್ಲಿ ಕೋಠಿ ನಡೆಸಲು ಅಪ್ಪಣೆ ಸಿಕ್ಕಿತು. ಡಚ್ಚರೂ ಹಿಂದೆಯೇ ಬಂದರು. ಇಂಗ್ಲಿಷರ ಕೋಠಿಯಲ್ಲಿ ಎಲ್ಲರಿಗೂ ಒಂದೇ ಊಟದ ಮೇಜು, ಒಟ್ಟಿಗೆ ಪ್ರಾರ್ಥನೆ, ಕಟ್ಟುನಿಟ್ಟಿನ ಶಿಸ್ತು. ಗಂಡುಮಕ್ಕಳ ಹಾಸ್ಟೆಲ್ಲೇ ಸರಿ.

ಅಲ್ಲಿಗೆ 1617ರಲ್ಲಿ ಕಂಪನಿಯ ಹಡಗುಗಳಲ್ಲಿ ಮೂವರು ಹೆಂಗಸರು ಬಂದಿಳಿದರು. ಒಬ್ಬಳು ಮರಿಯಂ, ಆರ್ಮೇನಿಯನ್ ಮನೆತನದವಳು. ಜಹಾಂಗೀರನೇ ಅವಳನ್ನು ಹಾಕಿನ್ಸ್‌ಗೆ ಮದುವೆ ಮಾಡಿಸಿದ್ದ. ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಹಾಕಿನ್ಸ್ ತೀರಿಕೊಂಡ, ಮರಿಯಂ ಗೇಬ್ರಿಯಲ್ ಟವರ್ಸನ್ ಎಂಬವನನ್ನು ಮದುವೆಯಾಗಿ ಹಿಂತಿರುಗಿದಳು. ಜೊತೆಗೆ ಶ್ರೀಮತಿ ಹಡ್ಸನ್ ಎಂಬವಳಿದ್ದಳು, ಫ್ರಾನ್ಸಿಸ್ ವೆಬ್ ಎಂಬ ತರುಣಿಯೂ ಇದ್ದಳು. ಫ್ರಾನ್ಸಿಸ್ ಹಡಗಿನಲ್ಲಿದ್ದ ರಿಚರ್ಡ್ ಸ್ಟೀಲ್‌ನನ್ನು ಗುಟ್ಟಾಗಿ ಮದುವೆಯಾಗಿದ್ದಳು, ಬಸುರಿಯೂ ಆಗಿದ್ದಳು. ರಾಯಭಾರಿ ಸರ್ ಥಾಮಸ್ ರೋ ತಲೆ ಕೆಡಿಸಿಕೊಂಡ. ಕೋಠಿ ವ್ಯಾಪಾರಕ್ಕೆ, ಸಂಸಾರಕ್ಕಲ್ಲ. ಹೆಂಗಸರು ಬಂದರೆ ಖರ್ಚು, ತಾಪತ್ರಯ ಎಂಬುದು ಅವನ ಎಣಿಕೆ. ಆಕೆಯನ್ನು ಊರಿಗೆ ಕಳಿಸುವುದು ಹೇಗೆಂದೇ ಅವನು ಯೋಚಿಸಿದ. ಹೆರಿಗೆಗೆ ದಿನ ಎಣಿಸುತ್ತಿದ್ದ ಹುಡುಗಿಗೆ ಪರದೇಶದಲ್ಲಿ ಒಂದು ಕೋಣೆ ಬೇಕು ಎಂಬುದು ‘ಫ್ಯಾಕ್ಟರಿ’ ಎಂಬ ಪದದೊಳಗೆ ಇರಲೇ ಇಲ್ಲ.

ಹೊರಟು ಹೋಗಿ ತಿರುಗಿ ಬಂದ ಪದಗಳು

ನಮ್ಮಿಂದ ಇಂಗ್ಲಿಷಿಗೆ ಹೋದ ಪದಗಳೂ ಇವೆ. ‘ಬಂಗಲೆ’ ಎಂದರೆ ಮೂಲದಲ್ಲಿ ಬಂಗಾಳದ ರೀತಿಯ ತಗ್ಗು ಮನೆ. ಇಂಗ್ಲಿಷಿಗೆ ಅದು ಗುಜರಾತಿಯ ‘ಬಂಗಲೋ’ ಮೂಲಕ ಹೋಯಿತು ಎನ್ನುವ ನಿಘಂಟುಗಳುಂಟು. ಕಂಪನಿಯ ವ್ಯವಹಾರ ಸೂರತ್‌ನಲ್ಲಿ ಆರಂಭವಾದದ್ದನ್ನು ನೆನೆದರೆ ಅದೇನೂ ಆಶ್ಚರ್ಯವಲ್ಲ. ಮುಂದೆ ಟಪಾಲು ದಾರಿಗಳಲ್ಲಿ ಡಾಕ್ ಬಂಗಲೆಗಳು ಎದ್ದವು. ಮೈಸೂರು ಸೀಮೆಯಲ್ಲಿ ಟಿ.ಬಿ., ಐ.ಬಿ. ಎಂದು ಕರೆಸಿಕೊಂಡವು, ಕೊನೆಗೆ ಪ್ರವಾಸಿ ಮಂದಿರಗಳಾದವು. ಊರ ಹೊರಗೆ, ದೊಡ್ಡ ಮರಗಳ ನೆರಳಲ್ಲಿ, ಖಾನ್‌ಸಾಮನ ಅಡುಗೆಯ ವಾಸನೆಯಲ್ಲಿ ಅವು ಅಧಿಕಾರಿಗಳಿಗಾಗಿ ಕಾದಿರುತ್ತಿದ್ದವು. ಅಧಿಕಾರಿಯ ಹೆಂಡತಿ ಜೊತೆಗೆ ಬರಬಹುದಿತ್ತು. ಅಧಿಕಾರಿಯೇ ಹೆಂಗಸಾಗಲು ಬಹಳ ಕಾಲ ಬೇಕಾಯಿತು.

‘ಚೌಲ್ಟ್ರಿ’ ಇನ್ನೂ ಸ್ವಾರಸ್ಯದ್ದು. ತೆಂಕಣದ ‘ಚಾವಡಿ’ಯನ್ನು ಇಂಗ್ಲಿಷರು ಚೌಲ್ಟ್ರಿ ಎಂದು ಉಚ್ಚರಿಸಿ, ಪ್ರಯಾಣಿಕರು ತಂಗುವ ಛತ್ರಕ್ಕೂ ಅದೇ ಹೆಸರಿಟ್ಟರು. ಚಾವಡಿಯಲ್ಲಿ ಊರಿನ ಗಂಡಸರು ಕೂತು ನ್ಯಾಯ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಈಗ ಚೌಲ್ಟ್ರಿ ಎಂದರೆ ಮದುವೆ ಮನೆ. ನಮ್ಮ ಪದವೇ ಸೂಟುಬೂಟು ಹಾಕಿಕೊಂಡು ವಾಪಸು ಬಂದು ಹಸೆಮಣೆಯ ಮೇಲೆ ಕೂತಿದೆ.

ಕಟ್ಟಿಸಿದವರು ಹೆಂಗಸರು

ಛತ್ರ, ಧರ್ಮಶಾಲೆಗಳ ಚರಿತ್ರೆಯಲ್ಲಿ ಹೆಂಗಸರ ಹೆಸರು ಬರುವುದು ಹೆಚ್ಚಾಗಿ ಕಟ್ಟಿಸಿದವರಾಗಿ. ಮಧುರೆಯ ರಾಣಿ ಮಂಗಮ್ಮಾಳ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೊಮ್ಮಗನ ಪರವಾಗಿ ರಾಜ್ಯವಾಳುತ್ತ ರಸ್ತೆಗಳನ್ನೂ ಛತ್ರಗಳನ್ನೂ ಮಾಡಿಸಿದಳು. ಮಧುರೆಯ ರೈಲು ನಿಲ್ದಾಣದ ಎದುರು ಅವಳ ಹೆಸರಿನ ಛತ್ರವಿದೆ. ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ 1767ರಿಂದ 1795ರವರೆಗೆ ಆಳಿದಳು. ಕಾಶಿಯಿಂದ ರಾಮೇಶ್ವರದವರೆಗೆ ಘಾಟು, ಬಾವಿ, ಧರ್ಮಶಾಲೆಗಳನ್ನು ಕಟ್ಟಿಸಿದಳು. ನಮ್ಮ ಗುಜರಾತಿನ ಸೋಮನಾಥದಲ್ಲಿ 1783ರಲ್ಲಿ ದೇವಾಲಯ ಕಟ್ಟಿಸಿದವಳೂ ಅವಳೇ.

ತಂಜಾವೂರಿನ ಮರಾಠ ಅರಸರ ಛತ್ರಗಳಲ್ಲಿ ಹಲವು ರಾಣಿಯರ ಹೆಸರಿನವು. 1801ರಲ್ಲಿ ಅರಸ ಸರ್ಫೋಜಿ ಕಂಪನಿಯ ಅಧಿಕಾರಿಗೆ ಪತ್ರ ಬರೆದು ಆ ಛತ್ರಗಳ ಖರ್ಚನ್ನು ನಿಲ್ಲಿಸಬಾರದೆಂದು ಕೇಳಿಕೊಂಡ. ಅಲ್ಲಿ ಏನೇನು ನಡೆಯುತ್ತದೆಂದು ವಿವರವಾಗಿ ಬರೆದ. ಬಂದವರಿಗೆಲ್ಲ ಊಟ, ಕಾಯಿಲೆ ಬಿದ್ದವರಿಗೆ ಔಷಧಿ, ಪಥ್ಯ, ಕೂಸುಗಳಿಗೆ ಹಾಲು. ದಾರಿಯಲ್ಲಿ ಬಸುರಿಯರಿಗೆ ನೋವು ಬಂದರೆ ಛತ್ರದಲ್ಲೇ ಹೆರಿಗೆ, ಆರೈಕೆ. ಹೆತ್ತ ಮೇಲೆ ಮೂರು ತಿಂಗಳು ಅಲ್ಲೇ ಇರಲು ಅವಕಾಶ. ಸೂರತ್ ಕೋಠಿಯಲ್ಲಿ ಫ್ರಾನ್ಸಿಸ್‌ಗೆ ದೊರೆಯದ ಜಾಗ ತಂಜಾವೂರಿನ ಛತ್ರದಲ್ಲಿ ದಾರಿಹೋಕ ಹೆಂಗಸಿಗೆ ಹಕ್ಕಿನಂತೆ ಸಿಗುತ್ತಿತ್ತು. ಬಾಣಂತನ ಮಾಡಿದ ನಮ್ಮಂಥವರಿಗೆ ಆ ಮೂರು ತಿಂಗಳ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕದ ರೈಲು ಕಾಲದ ಛತ್ರ ಎಂದರೆ ಬೆಂಗಳೂರಿನ ತೋಟದಪ್ಪನವರ ಛತ್ರ. ವ್ಯಾಪಾರಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಸಮೀಪದಲ್ಲೇ ಕಟ್ಟಿಸಿದ ಈ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಹಳ್ಳಿಯಿಂದ ಬೆಂಗಳೂರಿಗೆ ಬಂದ ಸಂಸಾರಗಳಿಗೆ ಎಷ್ಟೋ ವರ್ಷ ಅದೇ ಮೊದಲ ನೆರಳು. ನಮ್ಮ ಅಜ್ಜಿಯರ ಕಾಲದವರು ‘ತೋಟದಪ್ಪನ ಛತ್ರದಲ್ಲಿ ಇಳಿದುಕೊಂಡಿದ್ದೆವು’ ಎಂದು ನೆಮ್ಮದಿಯಿಂದ ಹೇಳುತ್ತಿದ್ದರು. ಅದು ಛತ್ರ ಎಂಬ ಪದದ ನೆಮ್ಮದಿ: ನಾಲ್ಕು ಜನರ ನಡುವೆ, ದೇವರ ಹೆಸರಿನಲ್ಲಿ, ಮಕ್ಕಳುಮರಿಗಳೊಂದಿಗೆ.

ಗುಜರಾತಿನಲ್ಲಿ ಇದಕ್ಕೆ ಹೋಲುವ ಇನ್ನೊಂದಿದೆ, ಜೈನರ ಉಪಾಶ್ರಯ. ಜೈನ ಸಾಧು ಸಾಧ್ವಿಯರು ಮಳೆಗಾಲದ ಚಾತುರ್ಮಾಸ ಬಿಟ್ಟರೆ ಒಂದೇ ಕಡೆ ನೆಲೆ ನಿಲ್ಲುವಂತಿಲ್ಲ. ಅವರಿಗಾಗಿ ಸೂರತ್, ಅಹಮದಾಬಾದಿನ ಕೇರಿಗಳಲ್ಲಿ ಉಪಾಶ್ರಯಗಳಿವೆ. ಸಾಧ್ವಿಯರಿಗೆ ಬೇರೆಯವೇ ಇರುತ್ತವೆ. ಗಂಡ, ತಂದೆ, ಮಗ ಯಾರೂ ಜೊತೆಗಿಲ್ಲದೆ ಊರಿಂದೂರಿಗೆ ನಡೆದು ಹೋಗುವ ಹೆಂಗಸರಿಗೆ ಗೌರವದಿಂದ ತೆರೆಯುವ ಬಾಗಿಲು ಇಷ್ಟು ಹಿಂದಿನಿಂದಲೂ ನಮ್ಮ ಪಕ್ಕದ ಗಲ್ಲಿಯಲ್ಲೇ ಇದೆ.

ಒಂಟಿಯಾಗಿ ಬಂದವಳು

ಸಂಸಾರದೊಂದಿಗೆ ಬಂದವಳಿಗೆ ಛತ್ರವಿತ್ತು, ಸನ್ಯಾಸಿನಿಗೆ ಉಪಾಶ್ರಯವಿತ್ತು. ಕೆಲಸಕ್ಕೆಂದು, ಓದಿಗೆಂದು ಒಬ್ಬಳೇ ಬಂದವಳಿಗೆ? 1864ರ ಹೊತ್ತಿಗೆ ಮುಂಬಯಿಗೂ ಅಹಮದಾಬಾದಿಗೂ ರೈಲು ಸಂಪರ್ಕ ಬಂತು, ನಿಲ್ದಾಣಗಳ ಸುತ್ತ ಬಾಡಿಗೆ ಕೋಣೆಗಳು ಬೆಳೆದವು. ಲಾಡ್ಜ್ ಎಂಬ ಪದ ಕನ್ನಡಕ್ಕೆ ಇಳಿದದ್ದು ಆ ನೆರಳಿನಲ್ಲಿ. ಒಂಟಿ ಹೆಂಗಸು ಲಾಡ್ಜಿನಲ್ಲಿ ಇಳಿದಳೆಂದರೆ ಊರು ಒಂದು ಹುಬ್ಬು ಮೇಲೆತ್ತುತ್ತಿತ್ತು. ‘ಲೇಡೀಸ್ ಒಬ್ಬರೇ ಇದ್ದರೆ ರೂಮ್ ಕೊಡುವುದಿಲ್ಲ’ ಎಂದು ಕೌಂಟರಿನಲ್ಲಿ ಕೇಳಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ.

ಇದು ನಮ್ಮ ದೇಶದ ಸಮಾಚಾರ ಮಾತ್ರವಲ್ಲ. ನ್ಯೂಯಾರ್ಕಿನಲ್ಲೂ ಒಳ್ಳೆಯ ಹೋಟೆಲ್‌ಗಳು ಒಂಟಿ ಹೆಂಗಸರನ್ನು ಅನುಮಾನದಿಂದ ನೋಡುತ್ತಿದ್ದವು. ಹೆಂಗಸರಿಗೆಂದೇ ಅಲ್ಲಿ ಮಾರ್ತಾ ವಾಷಿಂಗ್ಟನ್ ಹೋಟೆಲ್ ತೆರೆದದ್ದು 1903ರಲ್ಲಿ, ನಮ್ಮ ತೋಟದಪ್ಪನವರ ಛತ್ರ ಆರಂಭವಾದ ವರ್ಷವೇ. ಟೈಪಿಸ್ಟರು, ಶಿಕ್ಷಕಿಯರು, ಲೇಖಕಿಯರು ತಾವೇ ದುಡಿದ ಹಣದಿಂದ ಅಲ್ಲಿ ಕೋಣೆ ಹಿಡಿದರು.

ನಮ್ಮ ಗುಜರಾತಿನಲ್ಲಿ 1930ರ ದಶಕದಲ್ಲಿ ಪುಷ್ಪಾಬೆನ್ ಮೆಹ್ತಾ ಅಹಮದಾಬಾದಿನಲ್ಲಿ ವಿಕಾಸ ಗೃಹ ಕಟ್ಟಿದರು. ಮನೆಯಿಂದ ಹೊರಬೀಳಬೇಕಾಗಿ ಬಂದ ಹೆಂಗಸರಿಗೆ ಅದು ಆಸರೆ. ಸೂರತ್‌ನಲ್ಲಿ 1897ರಲ್ಲಿ ಹುಟ್ಟಿದ ಹಂಸಾ ಮೆಹ್ತಾ 1949ರಲ್ಲಿ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಕುಲಪತಿಯಾದರು. ಗಂಡು ಹೆಣ್ಣು ಇಬ್ಬರೂ ಓದುವ ವಿಶ್ವವಿದ್ಯಾಲಯಕ್ಕೆ ನಮ್ಮ ದೇಶದಲ್ಲಿ ಕುಲಪತಿಯಾದ ಮೊದಲ ಮಹಿಳೆ ಅವರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬರ್ಥದ ಮಾತಿದ್ದದ್ದನ್ನು ‘ಎಲ್ಲ ಮನುಷ್ಯರು’ ಎಂದು ಬದಲಾಯಿಸಬೇಕೆಂದು ಹಟ ಹಿಡಿದು ಗೆದ್ದವರೂ ಅವರೇ. ಪದದಲ್ಲಿ ನಮಗೆ ಜಾಗವಿಲ್ಲದಿದ್ದರೆ ಮನೆಯಲ್ಲೂ ಇರುವುದಿಲ್ಲ ಎಂದು ಈ ಸೂರತ್ ಹೆಣ್ಣುಮಗಳಿಗೆ ಗೊತ್ತಿತ್ತು.

ದುಡಿಯುವ ಹೆಂಗಸರ ಹಾಸ್ಟೆಲ್‌ಗಳಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಯೋಜನೆ ಶುರುವಾದದ್ದು 1972-73ರಲ್ಲಿ. ಈಗ ಅದಕ್ಕೆ ‘ಸಖಿ ನಿವಾಸ’ ಎಂದು ಹೆಸರು. ಹಾಸ್ಟೆಲ್‌ನ ಜಾಗಕ್ಕೆ ಪಿ.ಜಿ. ಬಂದಿದೆ. ಪೇಯಿಂಗ್ ಗೆಸ್ಟ್, ಅಂದರೆ ದುಡ್ಡು ಕೊಡುವ ಅತಿಥಿ! ತಿಥಿ ನೋಡದೆ ಬರುವವನೇ ಅತಿಥಿ ಎಂದು ನಂಬಿದ್ದ ನಮ್ಮ ಅಜ್ಜಿಯರು ಈ ಪದ ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಆದರೂ ಈ ಪದಕ್ಕೆ ನಾವು ಋಣಿಗಳು. ನಮ್ಮ ಹೆಣ್ಣುಮಕ್ಕಳು ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ಯಾರ ಹಂಗೂ ಇಲ್ಲದೆ ಬದುಕುತ್ತಿರುವುದು ಅದರ ನೆರಳಿನಲ್ಲೇ.

ಮುಕಾಮ್ ಸೂರತ್

ಕೊನೆಯದಾಗಿ ಇನ್ನೊಂದು ಪದ. ಗುಜರಾತಿಯಲ್ಲಿ ವಿಳಾಸ ಬರೆಯುವಾಗ ಊರಿನ ಹೆಸರಿಗೆ ಮೊದಲು ‘ಮು. ಪೋ.’ ಎಂದು ಹಾಕುತ್ತಾರೆ: ಮುಕಾಮ್, ಪೋಸ್ಟ್. ಅರಬ್ಬಿಯಿಂದ ಬಂದ ಈ ಮುಕಾಮ್ ನಮ್ಮ ಮೊಕ್ಕಾಂ. ಅಧಿಕಾರಿಗಳು ಮೊಕ್ಕಾಂ ಹೂಡಿದರು ಎನ್ನುತ್ತೇವಲ್ಲ, ಅದು. ತಲೆಮಾರುಗಳಿಂದ ಒಂದೇ ಹಳ್ಳಿಯಲ್ಲಿ ಇರುವವರೂ ತಮ್ಮ ಕಾಯಂ ವಿಳಾಸವನ್ನು ‘ಬೀಡುಬಿಟ್ಟ ಜಾಗ’ ಎಂದೇ ಬರೆಯುತ್ತಾರೆ. ಎರಡು ವರ್ಷದ ಟ್ರಾನ್ಸ್‌ಫರ್ ಎಂದು ಸೂರತ್‌ಗೆ ಬಂದು ಇಪ್ಪತ್ತು ವರ್ಷ ಕಳೆದ ನಮ್ಮಂಥವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಆದ್ದರಿಂದ ಮಹಿಳಾ ವೇದಿಕೆಯ ಸದಸ್ಯೆಯರಲ್ಲಿ ಒಂದು ಸಲಹೆ. ಕಾಲೇಜಿನ ಪ್ರವೇಶಕ್ಕೆ, ಪರೀಕ್ಷೆಗೆ, ಇಂಟರ್‌ವ್ಯೂಗೆ ಕರ್ನಾಟಕದಿಂದ ಒಬ್ಬಳೇ ಬರುವ ಹುಡುಗಿಗೆ ಒಂದೆರಡು ರಾತ್ರಿ ಕೋಣೆ ಕೊಡಬಲ್ಲ ಮನೆಗಳ ಪಟ್ಟಿಯೊಂದು ನಮ್ಮ ಸಂಘದಲ್ಲಿರಲಿ. ಸೂರತ್, ವಡೋದರಾ, ಅಹಮದಾಬಾದ್ ಮೂರೂ ಕಡೆ ಸೇರಿ ಹತ್ತು ಮನೆಯಾದರೆ ಸಾಕು. ಜಹಾನಾರಾಳ ಆದಾಯವಾಗಲಿ ಅಹಲ್ಯಾಬಾಯಿಯ ಖಜಾನೆಯಾಗಲಿ ಇದಕ್ಕೆ ಬೇಡ. ಒಂದು ಚಾಪೆ, ಒಂದು ದಿಂಬು, ಬೆಳಿಗ್ಗೆ ಎರಡು ದೋಸೆ, ಸ್ಟೇಷನ್ನಿನಿಂದ ಕರೆತರುವ ಒಬ್ಬ ಅಕ್ಕ ಇದ್ದರಾಯಿತು. ಅದನ್ನು ಹೋಟೆಲ್, ಲಾಡ್ಜ್, ಪಿ.ಜಿ. ಎಂದೆಲ್ಲ ಕರೆಯುವುದು ಬೇಡ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ: ಬಿಡದಿ ಮನೆ. ಇಷ್ಟು ದಿನ ಅದನ್ನು ಗಂಡಿನ ಕಡೆಯವರಿಗೆ ಕೊಟ್ಟಿದ್ದೇವೆ. ಇನ್ನು ಮುಂದೆ ನಮ್ಮ ಹೆಣ್ಣುಮಕ್ಕಳಿಗೂ ಕೊಡೋಣ.